ಮದ್ರಾಸ್ ರೆಜಿಮೆಂಟ್‌ನ ಹುಡುಗ ಲಡಾಖ್‌ನಲ್ಲಿ ಯಾರ ಕೈಕೆಳಗೆ?

ಪ್ರಶ್ನೆ: ನನ್ನ ತಮ್ಮ ಮದ್ರಾಸ್ ರೆಜಿಮೆಂಟ್‌ನಲ್ಲಿ ಸಿಪಾಯಿ. ಈಗ ಲಡಾಖ್ ಕಡೆ ಇದ್ದಾನೆ. ಟಿವಿಯಲ್ಲಿ ನಾರ್ದರ್ನ್ ಕಮಾಂಡ್, 14ನೇ ಕೋರ್ ಅಂತ ಹೇಳುತ್ತಿರುತ್ತಾರೆ. ಹಾಗಾದರೆ ಅವನಿಗೆ ಆರ್ಡರ್ ಕೊಡುವವರು ಯಾರು? ಅವನ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ, ಯಾಕೆ?
– ಜೇವರ್ಗಿ ತಾಲ್ಲೂಕಿನ ಒಬ್ಬ ಅಕ್ಕ

ಉತ್ತರ: ಅಕ್ಕಾ, ಇದು ನಿಮ್ಮೊಬ್ಬರ ಪ್ರಶ್ನೆ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಸೈನ್ಯಕ್ಕೆ ಹೋದ ಹುಡುಗರ ಮನೆಯವರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ರೆಜಿಮೆಂಟ್ ಅಂದರೆ ಮನೆತನ ಅಂದುಕೊಳ್ಳಿ. ಕಮಾಂಡ್ ಅಂದರೆ ಈಗ ಕಾವಲಿಗೆ ನಿಂತಿರುವ ಸೀಮೆ. ಮನೆತನ ಬದಲಾಗುವುದಿಲ್ಲ, ಸೀಮೆ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ.

ಮದ್ರಾಸ್ ರೆಜಿಮೆಂಟ್‌ನ ತರಬೇತಿ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಮರಾಠಾ ಲೈಟ್ ಇನ್‌ಫೆಂಟ್ರಿಯದು ನಮ್ಮ ಬೆಳಗಾವಿಯಲ್ಲಿ. ಹುಡುಗ ಅಲ್ಲಿ ತಯಾರಾಗುತ್ತಾನೆ. ಆದರೆ ಗಡಿಯಲ್ಲಿ ಏನು ಮಾಡಬೇಕು ಅಂತ ವೆಲ್ಲಿಂಗ್ಟನ್‌ನಿಂದ ಯಾರೂ ಆರ್ಡರ್ ಕೊಡುವುದಿಲ್ಲ.

ಈಗ ತಮ್ಮನಿಂದಲೇ ಶುರು ಮಾಡಿ ಮೇಲಕ್ಕೆ ಹೋಗೋಣ. ಅವನ ಜೊತೆ ಉಣ್ಣುವ, ಮಲಗುವ, ಪಹರೆ ಕಾಯುವ ಹತ್ತು ಜನರ ಗುಂಪಿಗೆ ಸೆಕ್ಷನ್ ಅನ್ನುತ್ತಾರೆ. ಅದಕ್ಕೊಬ್ಬ ಹವಾಲ್ದಾರ್. ನಿಮ್ಮ ತಮ್ಮನಿಗೆ ದಿನಾ ಆರ್ಡರ್ ಕೊಡುವವರು ಇವರೇ. ಮೂರು ಸೆಕ್ಷನ್ ಸೇರಿದರೆ ಪ್ಲಟೂನ್, ಅದರ ಮೇಲೆ ಕಂಪನಿ, ಅದರ ಮೇಲೆ ಬೆಟಾಲಿಯನ್. ಬೆಟಾಲಿಯನ್ ಅಂದರೆ ಸುಮಾರು 800 ಜನ. ಅದರ ಮುಖ್ಯಸ್ಥ ಒಬ್ಬ ಕರ್ನಲ್. ಹುಡುಗರು ಫೋನಿನಲ್ಲಿ ‘ಸಿಓ ಸಾಬ್’ ಅನ್ನುವುದು ಇವರಿಗೇ. ಇಲ್ಲಿಯ ತನಕ ಹೆಚ್ಚುಕಡಿಮೆ ಎಲ್ಲರೂ ಒಂದೇ ಮನೆತನದವರು.

ಬೆಟಾಲಿಯನ್ ದಾಟಿದ ಮೇಲೆ ಲೆಕ್ಕ ಬೇರೆ. ಬ್ರಿಗೇಡ್‌ನಲ್ಲಿ ಮದ್ರಾಸ್‌ನವರ ಪಕ್ಕದಲ್ಲಿ ಸಿಖ್ಖರು, ಗೂರ್ಖರು, ಬಿಹಾರದವರು, ಯಾರಾದರೂ ಇರಬಹುದು. ಅದರ ಮುಖ್ಯಸ್ಥ ಬ್ರಿಗೇಡಿಯರ್. ಕೆಲವು ಬ್ರಿಗೇಡ್ ಸೇರಿದರೆ ಡಿವಿಷನ್, ಅದಕ್ಕೆ ಮೇಜರ್ ಜನರಲ್. ಕೆಲವು ಡಿವಿಷನ್ ಸೇರಿದರೆ ಕೋರ್, ಅದಕ್ಕೆ ಲೆಫ್ಟಿನೆಂಟ್ ಜನರಲ್. ಇವೆಲ್ಲದರ ಮೇಲೆ ಕಮಾಂಡ್. ಅದರ ಮುಖ್ಯಸ್ಥರೂ ಲೆಫ್ಟಿನೆಂಟ್ ಜನರಲ್ಲೇ, ಆದರೆ ಹಿರಿಯರು. ಅವರಿಗೆ ಆರ್ಮಿ ಕಮಾಂಡರ್ ಅನ್ನುತ್ತಾರೆ.

ದೇಶದಲ್ಲಿ ಇಂಥ ಆರು ಕಮಾಂಡ್‌ಗಳಿವೆ. ತರಬೇತಿಗೇ ಅಂತ ಇನ್ನೊಂದು ಶಿಮ್ಲಾದಲ್ಲಿದೆ. ನಮ್ಮ ಕಲಬುರಗಿ ಸೀಮೆ ಪುಣೆಯಲ್ಲಿರುವ ಸದರ್ನ್ ಕಮಾಂಡ್‌ಗೆ ಸೇರುತ್ತದೆ. 1948ರ ಸೆಪ್ಟೆಂಬರ್‌ನಲ್ಲಿ ಸೊಲ್ಲಾಪುರದಿಂದ ಹೊರಟು ಹೈದರಾಬಾದ್ ಸಂಸ್ಥಾನದೊಳಗೆ ಬಂದ ಸೈನ್ಯ ಇದೇ ಕಮಾಂಡ್‌ನದು. ನಮ್ಮ ಮನೆಗಳ ಹಿರಿಯರು ‘ಪೊಲೀಸ್ ಆ್ಯಕ್ಷನ್’ ಅಂತ ಹೇಳುತ್ತಿದ್ದರಲ್ಲ, ಅದು.

ನಿಮ್ಮ ತಮ್ಮ ಇರುವುದು ನಾರ್ದರ್ನ್ ಕಮಾಂಡ್‌ನಲ್ಲಿ. ಅದರ ಮುಖ್ಯ ಕಚೇರಿ ಜಮ್ಮುವಿನ ಉಧಂಪುರದಲ್ಲಿದೆ. ಇದು ಆಗಿದ್ದು 1972ರಲ್ಲಿ. ಅದಕ್ಕೂ ಮುಂಚೆ ಪಂಜಾಬ್‌ನಿಂದ ಲಡಾಖ್‌ವರೆಗೆ ವೆಸ್ಟರ್ನ್ ಕಮಾಂಡ್ ಒಂದೇ ನೋಡಿಕೊಳ್ಳುತ್ತಿತ್ತು. ಲಡಾಖ್‌ನ ಕಥೆಯೂ ಹಾಗೇ. 1999ರವರೆಗೆ ಕಾಶ್ಮೀರ ಕಣಿವೆ, ಕಾರ್ಗಿಲ್, ಲೇಹ್ ಎಲ್ಲದರ ಹೊರೆಯೂ ಶ್ರೀನಗರದ 15ನೇ ಕೋರ್ ಮೇಲಿತ್ತು. ಕಣಿವೆಯಲ್ಲಿ ಉಗ್ರರ ಕಾಟ, ಇತ್ತ ಹಿಮದ ಗಡಿ. ಒಬ್ಬನ ಹೆಗಲಿಗೆ ಎರಡು ಮೂಟೆ ಹಾಕಿದ ಹಾಗೆ. ಕಾರ್ಗಿಲ್ ಯುದ್ಧ ಮುಗಿದ ಬೆನ್ನಿಗೇ, 1999ರ ಸೆಪ್ಟೆಂಬರ್ 1ರಂದು, ಲೇಹ್‌ನಲ್ಲಿ 14ನೇ ಕೋರ್ ಹುಟ್ಟಿತು. 2020ರಲ್ಲಿ ಗಾಲ್ವಾನ್ ಗಲಾಟೆ ಹೊತ್ತಿಗೆ ‘ಕೋರ್ ಕಮಾಂಡರ್ ಮಟ್ಟದ ಮಾತುಕತೆ’ ಅಂತ ಸುದ್ದಿ ಬರುತ್ತಿತ್ತು, ನೆನಪಿದೆಯಾ? ಚೀನಾದವರ ಎದುರು ಕೂತಿದ್ದು ಇದೇ ಕೋರ್‌ನ ಮುಖ್ಯಸ್ಥರು.

ಮನೆತನ, ಸೀಮೆ ಎರಡೂ ಒಟ್ಟಿಗೆ ಕಂಡಿದ್ದು 2016ರ ಫೆಬ್ರುವರಿಯಲ್ಲಿ. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ 19ನೇ ಮದ್ರಾಸ್ ಬೆಟಾಲಿಯನ್‌ನವರು. ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಎತ್ತರದ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಜನ ಸಿಕ್ಕಿಕೊಂಡರು. ಆರನೇ ದಿನ ಹಿಮದಡಿ ಹನುಮಂತಪ್ಪ ಜೀವಂತ ಸಿಕ್ಕರು. ಆ ಸುದ್ದಿ ಹೇಳಿದವರು ಆಗಿನ ನಾರ್ದರ್ನ್ ಕಮಾಂಡ್ ಮುಖ್ಯಸ್ಥ ಡಿ.ಎಸ್. ಹೂಡಾ. ಮೂರು ದಿನದಲ್ಲಿ ಹನುಮಂತಪ್ಪ ತೀರಿಕೊಂಡರು. ಆವತ್ತು ನಮ್ಮ ಕಡೆಯೂ ಎಷ್ಟೋ ಮನೆಯಲ್ಲಿ ಒಲೆ ಹೊತ್ತಲಿಲ್ಲ ಅಂದರೆ ಜಾಸ್ತಿ ಹೇಳಿದ ಹಾಗಲ್ಲ.

ಗಡಿಗೇ ಅಂತ ಬೇರೆ ಕಮಾಂಡ್ ಯಾಕೆ ಬೇಕು ಅನ್ನುವುದು ಅಡುಗೆಮನೆಯಿಂದಲೇ ತಿಳಿಯುತ್ತದೆ. ಕಲಬುರಗಿ ಸುಮಾರು 1,500 ಅಡಿ ಎತ್ತರದಲ್ಲಿದೆ, ಲೇಹ್ ಸುಮಾರು 11,500 ಅಡಿ. ಅಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ನಮ್ಮ ತೊಗರಿ ಬೇಳೆಯನ್ನು ತೆರೆದ ಪಾತ್ರೆಯಲ್ಲಿಟ್ಟರೆ ನೀರು ಕೊತಕೊತ ಅನ್ನುತ್ತದೆ, ಬೇಳೆ ಮಾತ್ರ ಗಟ್ಟಿಯಾಗೇ ಇರುತ್ತದೆ. ಕುಕ್ಕರ್ ಬೇಕೇ ಬೇಕು. ಕುಕ್ಕರ್‌ಗೆ ಇಂಧನ ಬೇಕು. ಶ್ರೀನಗರದಿಂದ ಬರುವ ರಸ್ತೆ ಚಳಿಗಾಲದಲ್ಲಿ ಝೋಜಿ ಲಾ ಅನ್ನುವ ಘಟ್ಟದ ಹತ್ತಿರ ಹಿಮದಿಂದ ಮುಚ್ಚುತ್ತದೆ. ಹಾಗಾಗಿ ಚಳಿಗಾಲದ ಬೇಳೆ, ಅಕ್ಕಿ, ಎಣ್ಣೆ, ಔಷಧಿ ಬೇಸಿಗೆಯಲ್ಲೇ ಮೇಲೆ ಹತ್ತಿರಬೇಕು. ಬಂದೂಕು ಹಿಡಿದವನ ಹಿಂದೆ ಲಾರಿ ಓಡಿಸುವವರು, ಡಾಕ್ಟರು, ಫೋನಿನ ತಂತಿ ಎಳೆಯುವವರು ಇರುವುದು ಇದಕ್ಕೇ. ಇವರನ್ನೆಲ್ಲ ಒಂದೇ ಕೈಯಲ್ಲಿ ಹಿಡಿದು ನಡೆಸುವುದು ಕಮಾಂಡ್.

ಇನ್ನೊಂದು ಮಾತು. ರಜೆ ಮುಗಿಸಿ ಹೋದ ತಮ್ಮ ‘ಲೇಹ್‌ನಲ್ಲೇ ಇದ್ದೀನಿ, ಇನ್ನೂ ಮೇಲೆ ಹೋಗಿಲ್ಲ’ ಅಂದರೆ ಗಾಬರಿ ಆಗಬೇಡಿ. ತೆಳು ಗಾಳಿಗೆ ಮೈ ಒಗ್ಗಬೇಕು. ಮೊದಲ ಹಂತಕ್ಕೆ 6 ದಿನ, 12 ಸಾವಿರ ಅಡಿ ದಾಟಿದರೆ ಮತ್ತೆ 4 ದಿನ, 15 ಸಾವಿರ ದಾಟಿದರೆ ಇನ್ನೂ 4 ದಿನ. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಕುತ್ತು.

ವಿಳಾಸದ ವಿಷಯ. ‘56 ಎಪಿಒ’ ಅನ್ನುವುದು ಊರಲ್ಲ, ಸೈನ್ಯದ ಅಂಚೆಯ ಹೆಸರು. ಪೂರ್ವದ ಕಡೆಗೆ ಇರುವುದು ‘99 ಎಪಿಒ’. ನೀವು ಕಳಿಸಿದ ಡಬ್ಬಿ ದೆಹಲಿಯಲ್ಲಿರುವ ಸೈನ್ಯದ ಅಂಚೆ ಕೇಂದ್ರಕ್ಕೆ ಹೋಗುತ್ತದೆ. ಯಾವ ಬೆಟಾಲಿಯನ್ ಎಲ್ಲಿದೆ ಅಂತ ಅವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಾಗಬಾರದು. ಅದಕ್ಕೇ ಊರಿನ ಹೆಸರಿಲ್ಲ. ಕೌಂಟರ್‌ನಲ್ಲಿ ‘ಊರು ಯಾವುದು’ ಅಂತ ಕೇಳಿದರೆ ಅವನು ಕೊಟ್ಟ ವಿಳಾಸವನ್ನೇ ತೋರಿಸಿ. ಅವನ ನಂಬರ್, ರ‍್ಯಾಂಕ್, ಹೆಸರು, ಯೂನಿಟ್, 9ರಿಂದ ಶುರುವಾಗುವ ಪಿನ್ ಕೋಡ್, ಇಷ್ಟು ಸಾಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ಕಳಿಸಿ. ಡಬ್ಬಿಯ ಮೇಲೆ ಮಾತ್ರ ‘ಲಡಾಖ್’ ಅಂತ ಬರೆಯಬೇಡಿ.