ಹಳೆಯ ಗೇಮ್ ಕನ್ಸೋಲ್, ಹೊಸ ಟಿವಿ: ಕೇಬಲ್ಲುಗಳ ಗೋಜಲಿನ ಹಿನ್ನೆಲೆ

ಪ್ಲೇಸ್ಟೇಷನ್ 2 ಅಥವಾ ಅದಕ್ಕೂ ಹಿಂದಿನ ಕನ್ಸೋಲೊಂದನ್ನು ಇಂದಿನ ಟಿವಿಗೆ ಜೋಡಿಸಲು ಹೊರಟವರಿಗೆ ಮೊದಲು ಎದುರಾಗುವುದು ಸಾಕೆಟ್ಟಿನ ಪ್ರಶ್ನೆ. ಕನ್ಸೋಲಿನಿಂದ ಹೊರಡುವ ಹಳದಿ, ಕೆಂಪು, ಬಿಳಿ ಪಿನ್ನುಗಳಿಗೆ ಟಿವಿಯಲ್ಲಿ ಜಾಗವೇ ಇರುವುದಿಲ್ಲ. ಅಂಗಡಿಯವರು ಕೊಡುವ ಪುಟ್ಟ ಕನ್ವರ್ಟರ್ ಹಾಕಿದರೆ ಚಿತ್ರವೇನೋ ಬರುತ್ತದೆ. ಆದರೆ ಅದು ಮಸುಕಾಗಿ, ಅಡ್ಡಕ್ಕೆ ಎಳೆದಂತಿರುತ್ತದೆ, ಗುಂಡಿ ಒತ್ತಿದ ಮೇಲೆ ಪಾತ್ರ ತುಸು ತಡವಾಗಿ ಜಿಗಿಯುತ್ತದೆ. ದೋಷ ಕೇಬಲ್ಲಿನದೆಂದು ಭಾವಿಸಿ ಇನ್ನೂ ದುಬಾರಿ ಕೇಬಲ್ ಕೊಂಡವರಿಗೆ ಕೆಲವೊಮ್ಮೆ ಇದ್ದ ಚಿತ್ರವೂ ಹೋಗಿಬಿಡುತ್ತದೆ.

1977ರ ಅಟಾರಿ 2600 ಮತ್ತು 1983ರ ಫ್ಯಾಮಿಕಾಂ ಕಾಲದಲ್ಲಿ ಆಯ್ಕೆಯೇ ಇರಲಿಲ್ಲ. ಮನೆಯ ಟಿವಿಗಿದ್ದದ್ದು ಆಂಟೆನಾ ಸಾಕೆಟ್ ಮಾತ್ರವಾದ್ದರಿಂದ ಕನ್ಸೋಲ್ ತಾನೇ ಒಂದು ಪುಟ್ಟ ಪ್ರಸಾರ ಕೇಂದ್ರವಾಗಿ, ಚಿತ್ರ ಮತ್ತು ಧ್ವನಿಯನ್ನು ಒಂದು ಖಾಲಿ ಚಾನೆಲ್ಲಿನ ಮೇಲೆ ಕಳುಹಿಸುತ್ತಿತ್ತು. ಭಾರತಕ್ಕೆ ಬಣ್ಣದ ಟಿವಿ 1982ರಲ್ಲಿ ಬಂದಾಗ ನಾವು ಆರಿಸಿಕೊಂಡದ್ದು ಯುರೋಪಿನ ಬಹುಭಾಗ ಬಳಸುತ್ತಿದ್ದ ಪಾಲ್ ಪದ್ಧತಿಯನ್ನು. ಅಮೆರಿಕ ಮತ್ತು ಜಪಾನಿನಲ್ಲಿದ್ದದ್ದು ಎನ್‌ಟಿಎಸ್‌ಸಿ. ತೊಂಬತ್ತರ ದಶಕದಲ್ಲಿ ಇಲ್ಲಿ ‘ಟಿವಿ ಗೇಮ್’ ಎಂದೇ ಮಾರಾಟವಾದ ಫ್ಯಾಮಿಕಾಂ ನಕಲುಗಳು ಪಾಲ್‌ಗೆ ಹೊಂದಿಕೊಂಡಿದ್ದರಿಂದ ತೊಂದರೆಯಾಗಲಿಲ್ಲ. ವಿದೇಶದ ನೆಂಟರು ತಂದುಕೊಟ್ಟ ಕನ್ಸೋಲ್ ಮಾತ್ರ ಎಷ್ಟೋ ಟಿವಿಗಳಲ್ಲಿ ಕಪ್ಪು-ಬಿಳುಪಾಗಿ ಕಾಣುತ್ತಿತ್ತು. ಬಣ್ಣವನ್ನು ಹೊತ್ತು ತರುವ ತರಂಗ ಪಾಲ್‌ನಲ್ಲಿ 4.43 ಮೆಗಾಹರ್ಟ್ಸ್, ಎನ್‌ಟಿಎಸ್‌ಸಿಯಲ್ಲಿ 3.58 ಮೆಗಾಹರ್ಟ್ಸ್ ಇದ್ದದ್ದೇ ಇದಕ್ಕೆ ಕಾರಣ.

ಬಳಿಕ ಬಂದ ಕೇಬಲ್ಲುಗಳ ಸರಣಿಯನ್ನು ಬೇಗ ಹೇಳಿ ಮುಗಿಸಬಹುದು. ಹಳದಿ ಪಿನ್ನಿನ ಕಾಂಪೋಸಿಟ್ ಬೆಳಕು ಮತ್ತು ಬಣ್ಣದ ಮಾಹಿತಿಯನ್ನು ಒಂದೇ ತಂತಿಯಲ್ಲಿ ಬೆರೆಸಿ ಕಳುಹಿಸುತ್ತಿತ್ತು. ಹಾಲು-ನೀರನ್ನು ಬೇರ್ಪಡಿಸುವ ಹಂಸದ ಕೆಲಸ ಟಿವಿಯ ಪಾಲಿಗೆ ಬಂತು, ಅದು ಆ ಕೆಲಸವನ್ನು ಪೂರ್ತಿ ಮಾಡಲಾರದೆ ಅಂಚುಗಳಲ್ಲಿ ಬಣ್ಣದ ಚುಕ್ಕಿಗಳನ್ನು ಉಳಿಸುತ್ತಿತ್ತು. ಎಸ್-ವಿಡಿಯೊ ಅವೆರಡನ್ನೂ ಬೇರೆ ತಂತಿಗಳಿಗೆ ಹಂಚಿತು. ಫ್ರಾನ್ಸಿನಲ್ಲಿ ಹುಟ್ಟಿದ 21 ಪಿನ್ನುಗಳ ಸ್ಕಾರ್ಟ್ ಕೆಂಪು, ಹಸಿರು, ನೀಲಿಗಳನ್ನು ಪ್ರತ್ಯೇಕವಾಗಿಯೇ ಒಯ್ಯಬಲ್ಲದಾಗಿತ್ತು, ಆದರೆ ಅದು ಯುರೋಪಿನಾಚೆಗೆ ಹೆಚ್ಚು ಹಬ್ಬಲಿಲ್ಲ. ಜಪಾನಿನವರು ಅದೇ ಆಕಾರದ ಪ್ಲಗ್ಗಿನೊಳಗೆ ತಂತಿಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ್ದರಿಂದ, ಎರಡನ್ನೂ ಒಂದೇ ಎಂದುಕೊಂಡು ಬಳಸುವುದು ಇಂದಿಗೂ ಅಪಾಯವೇ.

ನಿಜವಾದ ತೊಡಕು ಇರುವುದು ಕೇಬಲ್ಲಿನಲ್ಲಲ್ಲ, ಅದರೊಳಗೆ ಹರಿಯುವ ಸಂಕೇತದಲ್ಲಿ. ಎನ್‌ಟಿಎಸ್‌ಸಿ ಚಿತ್ರದ 525 ಗೆರೆಗಳು ಎರಡು ಕಂತುಗಳಲ್ಲಿ, ಕಂತಿಗೆ 262.5ರಂತೆ ಬರುತ್ತವೆ, ಆ ಅರ್ಧ ಗೆರೆಯ ದೆಸೆಯಿಂದ ಎರಡನೆಯ ಕಂತು ಮೊದಲನೆಯದರ ಸಂದುಗಳಲ್ಲಿ ಕೂರುತ್ತದೆ. ಹಳೆಯ ಕನ್ಸೋಲುಗಳು ಆ ಅರ್ಧ ಗೆರೆಯನ್ನೇ ಕೈಬಿಟ್ಟವು. ಹಾಗಾಗಿ ಪ್ರತಿ ಕಂತೂ ಹಿಂದಿನ ಗೆರೆಗಳ ಮೇಲೆಯೇ ಬಿದ್ದು, ಪರದೆಯಲ್ಲಿ ಕಾಣುವ ಸುಮಾರು 240 ಗೆರೆಗಳ ಪೂರ್ಣ ಚಿತ್ರ ಸೆಕೆಂಡಿಗೆ 60 ಬಾರಿ ಮೂಡಿತು. ಪ್ರಸಾರದ ನಿಯಮಾವಳಿಯಲ್ಲಿಲ್ಲದ ಈ ಉಪಾಯವನ್ನು ಪಿಕ್ಚರ್ ಟ್ಯೂಬ್ ಪ್ರಶ್ನಿಸಲಿಲ್ಲ, ಏಕೆಂದರೆ ಅದು ಬಂದ ಸಂಕೇತವನ್ನು ಬಂದಂತೆಯೇ ಗೀಚುವ ಸಾಧನ.

ಚಪ್ಪಟೆ ಪರದೆ ಹಾಗಲ್ಲ. ಅದು ಸಂಕೇತವನ್ನು ಅಂಕಿಗಳಾಗಿಸಿ, ತನ್ನ ಪಿಕ್ಸೆಲ್‌ಗಳ ಸಂಖ್ಯೆಗೆ ಹಿಗ್ಗಿಸಿ ತೋರಿಸಬೇಕು. ಹಾಗೆ ಮಾಡುವಾಗ ಬಹಳಷ್ಟು ಟಿವಿಗಳು ಈ 240 ಗೆರೆಗಳ ಪೂರ್ಣ ಚಿತ್ರವನ್ನು 480 ಗೆರೆಗಳ ಚಿತ್ರದ ಒಂದು ಕಂತೆಂದು ತಪ್ಪಾಗಿ ಓದಿ, ಪಕ್ಕಪಕ್ಕದ ಎರಡು ಕಂತುಗಳನ್ನು ಹೆಣೆದುಬಿಡುತ್ತವೆ. ಒಂದು ಕಂತು ಬಿಟ್ಟು ಒಂದರಲ್ಲಿ ಬರೆದ ನೆರಳು ಟ್ಯೂಬಿನ ಮೇಲೆ ಪಾರದರ್ಶಕವಾಗಿ ಕಾಣುತ್ತಿತ್ತು. ಇಲ್ಲಿ ಅದು ಬಾಚಣಿಗೆಯ ಹಲ್ಲಿನಂಥ ಪಟ್ಟಿಗಳಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಈ ಸಂಸ್ಕರಣೆಗಾಗಿ ತಡೆಹಿಡಿದ ಒಂದೊಂದು ಚಿತ್ರಕ್ಕೂ ಸುಮಾರು 16.7 ಮಿಲಿಸೆಕೆಂಡ್ ವಿಳಂಬ ಸೇರುತ್ತದೆ. ಬೆಳಕು-ಬಣ್ಣಗಳನ್ನು ಹಸಿರು, ನೀಲಿ, ಕೆಂಪು ಪಿನ್ನುಗಳ ಮೂರು ತಂತಿಗಳಲ್ಲಿ ಪಡೆಯುವ ಕಾಂಪೊನೆಂಟ್ ಸಾಕೆಟ್ಟಿನಲ್ಲಿ ಕೆಲವು ಟಿವಿಗಳು 240 ಗೆರೆಗಳ ಸಂಕೇತವನ್ನು ಸ್ವೀಕರಿಸುವುದೇ ಇಲ್ಲ. ಪ್ಲೇಸ್ಟೇಷನ್ 2ರಲ್ಲಿ ಅದರ ಹಿಂದಿನ ತಲೆಮಾರಿನ ಡಿಸ್ಕ್ ಹಾಕಿದೊಡನೆ ಪರದೆ ಕಪ್ಪಾಗುವುದು ಇದರಿಂದಲೇ.

ಹಾಗೆಂದು ಉತ್ತಮ ಕೇಬಲ್ ಯಾವಾಗಲೂ ಉತ್ತಮ ಚಿತ್ರವನ್ನೇ ಕೊಡುತ್ತದೆಂದೂ ಹೇಳಲಾಗದು. ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲಿಗಾಗಿ 1991ರಲ್ಲಿ ಬಂದ ಮೊದಲ ಸೋನಿಕ್ ಗೇಮಿನ ಜಲಪಾತವನ್ನು ಒತ್ತೊತ್ತಾದ ಲಂಬ ಗೆರೆಗಳಲ್ಲಿ ಬರೆಯಲಾಗಿತ್ತು. ಕಾಂಪೋಸಿಟ್‌ನ ಮಸುಕಿನಲ್ಲಿ ಆ ಗೆರೆಗಳು ಕಲೆತು ನೀರು ಪಾರದರ್ಶಕವೆನಿಸುತ್ತಿತ್ತು. ಸ್ಕಾರ್ಟ್‌ನ ಸ್ವಚ್ಛ ಚಿತ್ರದಲ್ಲಿ ಕಾಣುವುದು ಬರಿಯ ಗೆರೆಗಳು.

ಚಿತ್ರ ಮತ್ತು ಧ್ವನಿಯನ್ನು ಅಂಕಿಗಳಾಗಿಯೇ ಒಯ್ಯುವ, ಇಂದಿನ ಟಿವಿಗಳಲ್ಲಿರುವ ಎಚ್‌ಡಿಎಂಐ ಸಾಕೆಟ್ಟಿನ ಮಾನದಂಡ 2002ರ ಕೊನೆಗೆ ಸಿದ್ಧವಾಯಿತು. ಆದರೂ 2005ರ ಎಕ್ಸ್‌ಬಾಕ್ಸ್ 360 ಅದಿಲ್ಲದೆಯೇ ಮಾರುಕಟ್ಟೆಗೆ ಬಂತು. 2006ರ ಪ್ಲೇಸ್ಟೇಷನ್ 3ರಲ್ಲಿ ಅದಿತ್ತು. ಅಲ್ಲಿಂದಾಚೆಗೆ ಹಳೆಯ ಸಾಕೆಟ್ಟುಗಳು ಒಂದೊಂದಾಗಿ ಮರೆಯಾದವು. ಅನಲಾಗ್ ತಂತಿಯಿಂದ ಸಿನಿಮಾ ನಕಲಾಗುವ ಭಯವೂ ಇದಕ್ಕೆ ಕೈಜೋಡಿಸಿತು: ಬ್ಲೂ-ರೇ ಪರವಾನಗಿ ನಿಯಮಗಳು 2013ರ ನಂತರ ತಯಾರಾದ ಪ್ಲೇಯರುಗಳಲ್ಲಿ ರಕ್ಷಿತ ಡಿಸ್ಕಿನ ಚಿತ್ರ ಅನಲಾಗ್ ಸಾಕೆಟ್ಟಿನಿಂದ ಹೊರಬರದಂತೆ ಮಾಡಿದವು. ಟಿವಿಗಳಲ್ಲಿ ಹಳದಿ ಪಿನ್ನು ಕಾಂಪೊನೆಂಟ್‌ನ ಹಸಿರು ಸಾಕೆಟ್ಟನ್ನು ಹಂಚಿಕೊಳ್ಳಬೇಕಾಯಿತು, ಟಿವಿಯ ಆಯ್ಕೆ ಸರಿಯಿಲ್ಲದಿದ್ದರೆ ಅಲ್ಲಿ ಮತ್ತೆ ಕಪ್ಪು-ಬಿಳುಪು ಚಿತ್ರವೇ ಗತಿ. ಕೊನೆಗೆ ಎಲ್ಲವೂ ಹೆಡ್‌ಫೋನಿನದರಂಥ 3.5 ಮಿಲಿಮೀಟರ್ ರಂಧ್ರದೊಳಗೆ ಸೇರಿಕೊಂಡಿತು. ಅದಕ್ಕೆ ಬೇಕಾದ ಕೇಬಲ್ಲುಗಳ ಒಳಕ್ರಮವಾದರೂ ಎಲ್ಲೆಡೆ ಒಂದೇ ಆಗಿದ್ದರೆ ಬಳಕೆದಾರರ ಅರ್ಧ ಪಾಡು ತಪ್ಪುತ್ತಿತ್ತು.

ಅಗ್ಗದ ಕನ್ವರ್ಟರುಗಳಲ್ಲಿ ಹೆಚ್ಚಿನವು ಟಿವಿ ಮಾಡುವ ತಪ್ಪನ್ನೇ ತಾವೂ ಮಾಡುತ್ತವೆ, ಸಾಲದ್ದಕ್ಕೆ 4:3 ಚಿತ್ರವನ್ನು 16:9ಕ್ಕೆ ಎಳೆಯುತ್ತವೆ. ಡಬ್ಬಿಯ ಮೇಲೆ ಬರೆದಿರುವ 1080 ಎಂಬ ಸಂಖ್ಯೆ ಹೊರಗೆ ಹೋಗುವ ಗೆರೆಗಳ ಲೆಕ್ಕವೇ ಹೊರತು ಒಳಗೆ ಬಂದದ್ದರ ಗುಣವಲ್ಲ. 240 ಗೆರೆಗಳನ್ನು ಸರಿಯಾಗಿ ಗುರುತಿಸಿ ಗುಣಿಸುವ ಒಎಸ್‌ಎಸ್‌ಸಿ, ರೆಟ್ರೋಟಿಂಕ್ ಮುಂತಾದ ಸಾಧನಗಳು ಉತ್ಸಾಹಿಗಳ ವಲಯದಿಂದ ಬಂದಿವೆ. ಅವುಗಳಲ್ಲಿ ಕೆಲವಕ್ಕೆ ಹಳೆಯ ಕನ್ಸೋಲಿಗಿಂತ ಹೆಚ್ಚು ಹಣ ತೆರಬೇಕು. ಬಾತುಕೋಳಿಗೆ ಗುರಿಯಿಡುವ ಹಳೆಯ ಬಂದೂಕಿನ ಗೇಮಿಗಂತೂ ಇವೂ ಉಪಯೋಗಕ್ಕೆ ಬರುವುದಿಲ್ಲ. ಆ ಬಂದೂಕು ಹುಡುಕುವುದು ಪಿಕ್ಚರ್ ಟ್ಯೂಬಿನ ಮೇಲೆ ಸರಿಯಾದ ಕ್ಷಣದಲ್ಲಿ ಮಿನುಗುವ ಬೆಳಕನ್ನು, ಚಪ್ಪಟೆ ಪರದೆಯಲ್ಲಿ ಆ ಮಿನುಗು ಹುಟ್ಟುವುದೇ ಇಲ್ಲ.