ಉದ್ದ ಕೂದಲಿನ ಮರಿ ಮಳೆನಾಡಿಗೆ ಬಂದಾಗ

ಅಟ್ಟದಲ್ಲಿ ಇಲಿಯಿದ್ದರೆ ಬೆಕ್ಕು ತಾನಾಗಿ ಬರುತ್ತದೆ ಎಂಬುದು ಕಾಸರಗೋಡಿನ ಹಳ್ಳಿಮನೆಗಳ ಹಳೆಯ ಲೆಕ್ಕ. ಅದು ಹಟ್ಟಿಯ ಮೂಲೆಯಲ್ಲಿ ಮರಿ ಹಾಕುತ್ತದೆ. ಹಾಲು ಕರೆಯುವ ಹೊತ್ತಿಗೆ ಗೆರಟೆಯ ಮುಂದೆ ಬಂದು ಕೂರುತ್ತದೆ. ಉಳಿದದ್ದನ್ನು ತೋಟದಲ್ಲಿ ತಾನೇ ಹುಡುಕಿಕೊಳ್ಳುತ್ತದೆ. ಈಗ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಗಳಿಗೂ ಬೇರೆ ಥರದ ಮರಿಗಳು ಬರುತ್ತಿವೆ. ಚಪ್ಪಟೆ ಮೂಗು, ಹತ್ತಿಯಂಥ ಕೂದಲು, ಮಂಗಳೂರಿನಿಂದ ಕಾರಿನಲ್ಲಿ ಪ್ರಯಾಣ. ಮನೆಯ ಮಕ್ಕಳಿಗೆ ಅದೂ ಪುಚ್ಚೆಯೇ, ಅಂದರೆ ಬೆಕ್ಕೇ. ಆದರೆ ಹಟ್ಟಿಯ ಪುಚ್ಚೆಯನ್ನು ನೋಡಿಕೊಂಡ ಹಾಗೆ ಇದನ್ನು ನೋಡಿಕೊಂಡರೆ ಆಗುವುದಿಲ್ಲ. ಮರಿ ಮನೆಗೆ ಬರುವ ಮೊದಲೇ ಅದರ ಮೈಯ ಬಗ್ಗೆ ಕೆಲವು ವಿಷಯ ಗೊತ್ತಿರಬೇಕು.

ಬೆಕ್ಕಿನ ತಳಿಗಳೆಂದರೆ ಬಹಳ ಹಳೆಯವು ಅಂತ ಅನ್ನಿಸುತ್ತದೆ, ಅಲ್ವಾ? ಹಾಗೇನಿಲ್ಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆದದ್ದು 1871ರಲ್ಲಿ. ತಳಿಗಳಿಗೆ ಲಕ್ಷಣ ಗೊತ್ತುಮಾಡಿ, ತಂದೆತಾಯಿಯ ಹೆಸರು ಬರೆದಿಡುವ ರೂಢಿ ಬೆಳೆದದ್ದು ಆಮೇಲೆ. ಈ ಚಪ್ಪಟೆ ಮೂಗಿನ, ಉದ್ದ ಕೂದಲಿನ ಪರ್ಷಿಯನ್ ಬೆಕ್ಕಿನ ಹೆಸರು ಇರಾನಿನದ್ದು. ಆದರೆ ಇವತ್ತಿನ ಪರ್ಷಿಯನ್‌ಗಳ ಡಿಎನ್‌ಎ ನೋಡಿದರೆ ಅವು ಪಶ್ಚಿಮ ಯುರೋಪಿನ ಸಾಮಾನ್ಯ ಬೆಕ್ಕುಗಳಿಗೇ ಹತ್ತಿರ. ಅಂದರೆ ಈ ಮುಖ, ಈ ಕೂದಲು ಮನುಷ್ಯರು ಕೆಲವೇ ತಲೆಮಾರುಗಳಲ್ಲಿ ಆರಿಸಿ ಆರಿಸಿ ಮಾಡಿಸಿದ್ದು. ಹಾಗೆ ಆರಿಸುವಾಗ ರೂಪದ ಜೊತೆಗೆ ಕಾಯಿಲೆಯೂ ಬಂದುಬಿಡುತ್ತದೆ.

ಪರ್ಷಿಯನ್‌ಗಳಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆಗಳು ಬೆಳೆಯುವ ಒಂದು ರೋಗವಿದೆ. ಇದಕ್ಕೆ ಕಾರಣವಾದ ಜೀನ್ ದೋಷ 2004ರಲ್ಲಿ ಪತ್ತೆಯಾಯಿತು. ತಂದೆತಾಯಿಯಲ್ಲಿ ಒಬ್ಬರಿಗೆ ಇದ್ದರೂ ಸಾಕು, ಪ್ರತಿ ಮರಿಗೂ ಬರುವ ಸಂಭವ ಅರ್ಧಕ್ಕರ್ಧ. ಮರಿಯಾಗಿದ್ದಾಗ ಏನೂ ಕಾಣುವುದಿಲ್ಲ. ನಡುವಯಸ್ಸಿನಲ್ಲಿ ಕಿಡ್ನಿ ಸೋಲುತ್ತದೆ. ಆದ್ದರಿಂದ ಮಾರುವವರನ್ನು ಮೊದಲು ಕೇಳಬೇಕಾದದ್ದು ಬಣ್ಣವನ್ನಲ್ಲ, ಬೆಲೆಯನ್ನೂ ಅಲ್ಲ. ತಾಯಿಗೂ ತಂದೆಗೂ ಈ ಜೀನ್ ದೋಷದ ಪರೀಕ್ಷೆ ಆಗಿದೆಯಾ ಅಂತ ಕೇಳಿ. ವಂಶಾವಳಿಯ ಕಾಗದ ಇದ್ದರೆ ಅದರ ನಿಜವಾದ ಉಪಯೋಗ ಇಲ್ಲಿಯೇ. ಯಾವ ಮರಿ ಯಾರದ್ದು ಅಂತ ಗೊತ್ತಿದ್ದರೆ ಕಾಯಿಲೆ ಎಲ್ಲಿಂದ ಬರಬಹುದು ಅಂತಲೂ ಗೊತ್ತಾಗುತ್ತದೆ. ಬರೇ ಕೂದಲು ಉದ್ದ ಇದೆ ಎಂಬ ಕಾರಣಕ್ಕೆ ‘ಪ್ಯೂರ್ ಪರ್ಷಿಯನ್’ ಅಂತ ಕಾಗದವಿಲ್ಲದೆ ಮಾರುವ ಮರಿಗೆ ಈ ಅನುಕೂಲ ಇಲ್ಲ.

ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಮರಿಯನ್ನಂತೂ ತರಲೇಬೇಡಿ ಎಂದು ನಾನು ಹೇಳುತ್ತೇನೆ. ಕಿವಿಯನ್ನು ಮಡಚಿಸುವ ಜೀನ್ ದೋಷವೇ ಮೈಯ ಉಳಿದ ಮೃದ್ವಸ್ಥಿಯನ್ನೂ ಮೂಳೆಗಳನ್ನೂ ಹಾಳುಮಾಡುತ್ತದೆ. ಮುದ್ದಾಗಿ ಕಾಣುವ ಆ ಕಿವಿಯ ಬೆಕ್ಕಿಗೆ ಬಾಲದಲ್ಲಿ, ಕಾಲಿನ ಗಂಟುಗಳಲ್ಲಿ ನೋವು ಬರುತ್ತದೆ. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ಹಾಗಾಗಿ ಅದು ‘ಪಾಪದ್ದು, ಸುಮ್ನೆ ಕೂತಿರುತ್ತದೆ’ ಅಂತ ಮನೆಯವರು ಅಂದುಕೊಳ್ಳುತ್ತಾರೆ.

ಇನ್ನು ವಯಸ್ಸು. ನಾನು ಅತಿ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ನಮ್ಮ ಕಡೆ ಒಂದೂವರೆ ತಿಂಗಳಿಗೇ ಮರಿಗಳನ್ನು ಕೊಟ್ಟುಬಿಡುತ್ತಾರೆ. ಕೊಳ್ಳುವವರಿಗೂ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದೇ ಬೇಕು. ಬ್ರಿಟನ್ನಿನ ಬೆಕ್ಕು ನೋಂದಣಿ ಸಂಸ್ಥೆ 13 ವಾರ ತುಂಬದೆ ಮರಿ ಹೊಸ ಮನೆಗೆ ಹೋಗಬಾರದು ಅನ್ನುತ್ತದೆ. ಕಡಿಮೆಯೆಂದರೂ 12 ವಾರ ಕಾಯಬೇಕು. ಇದರ ಹಿಂದೆ ಎರಡು ಕಾರಣಗಳಿವೆ.

ಒಂದು, ಕಲಿಕೆ. ಎರಡರಿಂದ ಏಳು ವಾರದ ಒಳಗೆ ಮರಿ ಯಾರ ಕೈ ಸೋಂಕಿ ಬೆಳೆಯುತ್ತದೋ ಅವರನ್ನು ಜೀವನಪೂರ್ತಿ ಹೆದರದೆ ಒಪ್ಪಿಕೊಳ್ಳುತ್ತದೆ. ಆ ಕೆಲಸ ಆಗಬೇಕಾದದ್ದು ಹುಟ್ಟಿದ ಮನೆಯಲ್ಲಿ. ಅದರ ನಂತರದ ವಾರಗಳಲ್ಲಿ ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಾ, ಎಷ್ಟು ಕಚ್ಚಿದರೆ ಆಟ, ಎಷ್ಟಕ್ಕೆ ಜಗಳ ಎಂಬುದನ್ನು ಕಲಿಯುತ್ತದೆ. ತಾಯಿಯಿಂದ ಬೇಗ ಬೇರೆಯಾದ ಮರಿ ಮಕ್ಕಳ ಕೈಯನ್ನು ಪರಚಿ ಕಚ್ಚುವುದು ಜಾಸ್ತಿ.

ಎರಡನೆಯದು ರೋಗನಿರೋಧಕ ಶಕ್ತಿ. ಮರಿ ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಿಂದ ತಾಯಿಯ ಪ್ರತಿಕಾಯಗಳು ಅದರ ರಕ್ತಕ್ಕೆ ಸೇರುತ್ತವೆ. ಕೆಲವು ವಾರ ಅವೇ ಅದನ್ನು ಕಾಯುತ್ತವೆ. ಆದರೆ ಅವು ಇರುವಾಗ ಲಸಿಕೆ ಹಾಕಿದರೆ ಲಸಿಕೆಯ ವೈರಸ್ಸನ್ನೂ ಅವು ಹೊಡೆದುಹಾಕುತ್ತವೆ, ಲಸಿಕೆ ನಾಟುವುದಿಲ್ಲ. ಪ್ರತಿಕಾಯ ಇಳಿಯುತ್ತಾ ಬಂದ ಹಾಗೆ ಒಂದು ಕೆಟ್ಟ ಹೊತ್ತು ಬರುತ್ತದೆ. ರೋಗವನ್ನು ತಡೆಯಲು ಅವು ಸಾಲುವುದಿಲ್ಲ, ಲಸಿಕೆಯನ್ನು ಕೆಡಿಸಲು ಸಾಕಾಗುತ್ತವೆ. ಯಾವ ಮರಿಗೆ ಈ ಹೊತ್ತು ಯಾವಾಗ ಬರುತ್ತದೆ ಅಂತ ಹೊರಗಿನಿಂದ ಹೇಳಲಾಗದು. ಅದಕ್ಕೇ ಆರೆಂಟು ವಾರಕ್ಕೆ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಲಸಿಕೆ ಮತ್ತೆ ಮತ್ತೆ ಕೊಡುವುದು. ‘ಒಂದು ಇಂಜೆಕ್ಷನ್ ಆಗಿದೆ’ ಎಂಬ ಮಾತನ್ನು ನಂಬಿ ನಿಲ್ಲಿಸಬಾರದು. ಒಂದೂವರೆ ತಿಂಗಳ ಮರಿಯನ್ನು ಕಾರಿನಲ್ಲಿ ಕುಲುಕಿಸಿ, ಊಟ ಬದಲಿಸಿ, ಹೊಸ ಮನೆಗೆ ತರುವುದೆಂದರೆ ಆ ಕೆಟ್ಟ ಹೊತ್ತಿಗೇ ಅದನ್ನು ದೂಡಿದ ಹಾಗೆ.

ವಯಸ್ಸಿನ ವಿಷಯದಲ್ಲಿ ಮಾರುವವರ ಬಾಯಿಮಾತು ಸಾಲದು. ಮರಿಯನ್ನೇ ನೋಡಿ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ. ಆರೇಳು ವಾರಕ್ಕೆ ಬಣ್ಣ ತಿರುಗಲು ಶುರುವಾಗುತ್ತದೆ. ತುಟಿ ಮೆಲ್ಲಗೆ ಎತ್ತಿದರೆ ಎರಡು ತಿಂಗಳ ಮರಿಗೆ ಸೂಜಿಯಂಥ 26 ಹಾಲುಹಲ್ಲುಗಳು ಬಂದಾಗಿರುತ್ತವೆ. ಆರೋಗ್ಯವಂತ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರುತ್ತದೆ, ಮೂರು ತಿಂಗಳಿಗೆ ಒಂದು ಕಿಲೋ ದಾಟಿರುತ್ತದೆ. ಸಯಾಮೀಸ್ ಮರಿಯಾದರೆ ಕಣ್ಣು ನೀಲಿಯಾಗಿಯೇ ಉಳಿಯುತ್ತದೆ, ಅದರ ಕಥೆಯೇ ಬೇರೆ. ಅದರ ಮೈಬಣ್ಣ ಕೊಡುವ ಕಿಣ್ವ ತಂಪಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬೆಚ್ಚಗಿನ ಹೊಟ್ಟೆಯೊಳಗಿಂದ ಬರುವಾಗ ಮರಿ ಬೆಳ್ಳಗಿರುತ್ತದೆ. ಆಮೇಲೆ ತಂಪಾಗಿರುವ ಕಿವಿ, ಮೂಗು, ಕಾಲು, ಬಾಲ ಕಪ್ಪಾಗುತ್ತಾ ಬರುತ್ತವೆ. ಬಣ್ಣ ಬದಲಾಯಿತು, ಮೋಸ ಹೋದೆವು ಅಂತ ಗಾಬರಿಯಾಗಬೇಕಿಲ್ಲ.

ಮರಿ ಬಂದ ದಿನ ನೆಂಟರನ್ನೆಲ್ಲ ಕರೆದು ಚಾವಡಿಯಲ್ಲಿ ಬಿಡಬೇಡಿ. ಒಂದು ಕೋಣೆ ಸಾಕು. ಅಲ್ಲಿ ನೀರು, ಊಟ, ಮಲಗಲು ಒಂದು ರಟ್ಟಿನ ಪೆಟ್ಟಿಗೆ, ದೂರದ ಮೂಲೆಯಲ್ಲಿ ಮಲಮೂತ್ರಕ್ಕೆ ತಟ್ಟೆ. ಹುಟ್ಟಿದ ಮನೆಯಿಂದ ತಾಯಿಯ ವಾಸನೆಯಿರುವ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ. ಮಂಚದಡಿಗೆ ಹೋಗಿ ಕೂತರೆ ಎಳೆಯಬೇಡಿ. ನೆಲದ ಮೇಲೆ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ಅದು ತಾನಾಗಿ ಬಂದು ಕೆನ್ನೆಯನ್ನು ನಿಮ್ಮ ಮೊಣಕಾಲಿಗೆ ಉಜ್ಜುತ್ತದೆ. ಕೆನ್ನೆಯಲ್ಲಿರುವ ಗ್ರಂಥಿಗಳ ವಾಸನೆಯನ್ನು ಹಚ್ಚುವ ಕ್ರಮ ಅದು, ಆ ವಾಸನೆಯಿಂದಲೇ ಬೆಕ್ಕಿಗೆ ಜಾಗ ತನ್ನದಾಗುತ್ತದೆ. ತಟ್ಟೆಗೆ ಸಣ್ಣ ಹೊಯಿಗೆಯೂ ಆದೀತು, ಆದರೆ ದಿನಾ ತೆಗೆಯಬೇಕು, ಒದ್ದೆಯಾದರೆ ಬದಲಿಸಬೇಕು. ಒಂದು ಇಡೀ ದಿನ ಮರಿ ಏನೂ ತಿನ್ನದಿದ್ದರೆ ಕಾಯುವುದು ಬೇಡ, ಡಾಕ್ಟರರ ಹತ್ತಿರ ಒಯ್ಯಿರಿ.

ಊಟದ ವಿಷಯಕ್ಕೆ ಬಂದರೆ ನಮ್ಮೂರಲ್ಲಿ ಎರಡು ಥರದ ತಪ್ಪು ನಡೆಯುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಹಾಲನ್ನ, ಮೊಸರನ್ನ. ಮೀನು ತಿನ್ನುವ ಮನೆಗಳಲ್ಲಿ ಬರೇ ಮೀನು.

ಹಾಲನ್ನದ ಮರಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹೊಟ್ಟೆ ಉಬ್ಬಿರುತ್ತದೆ, ಬೆನ್ನುಮೂಳೆ ಕೈಗೆ ಸಿಗುತ್ತದೆ, ಕೂದಲಿಗೆ ಹೊಳಪಿಲ್ಲ, ಬಾಲದ ಕೆಳಗೆ ಸದಾ ಒದ್ದೆ. ಮೊಲೆ ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಾಗುತ್ತದೆ, ಅದಕ್ಕೆ ಭೇದಿ. ಅದಕ್ಕಿಂತ ದೊಡ್ಡ ಸಮಸ್ಯೆ ಕಣ್ಣಿಗೆ ಕಾಣದ್ದು. ಬೆಕ್ಕಿಗೆ ಟಾರಿನ್ ಎಂಬ ವಸ್ತು ಬೇಕೇ ಬೇಕು. ಅದನ್ನು ಬೇಕಾದಷ್ಟು ತಾನೇ ಮಾಡಿಕೊಳ್ಳಲು ಬೆಕ್ಕಿನ ಮೈಗೆ ಆಗದು. ಮಾಂಸದಲ್ಲಿ ಅದಿದೆ, ಅಕ್ಕಿಯಲ್ಲಿ ಇಲ್ಲ. ಟಾರಿನ್ ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲ ಸವೆಯುತ್ತದೆ. 1987ರಲ್ಲಿ ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದರು. ಹೃದಯದ ಗೋಡೆ ತೆಳುವಾಗಿ, ಊದಿ, ಸಾಯುತ್ತಿದ್ದ ಬೆಕ್ಕುಗಳಿಗೆ ಟಾರಿನ್ ಕೊಟ್ಟಾಗ ಹೃದಯ ಸುಧಾರಿಸಿತು. ಆಗ ಮಾರುಕಟ್ಟೆಯಲ್ಲಿದ್ದ ಬೆಕ್ಕಿನ ಆಹಾರಗಳಲ್ಲೂ ಅದು ಸಾಲುತ್ತಿರಲಿಲ್ಲ. ಆಮೇಲೆ ಕಂಪೆನಿಗಳು ಪ್ರಮಾಣ ಹೆಚ್ಚಿಸಿದವು. ವಿಟಮಿನ್ ಎ ಕೂಡ ಹಾಗೆಯೇ. ಕ್ಯಾರೆಟ್ಟಿನಿಂದ ಅದನ್ನು ಮಾಡಿಕೊಳ್ಳಲು ನಮಗೆ ಆಗುತ್ತದೆ, ಬೆಕ್ಕಿಗೆ ಆಗುವುದಿಲ್ಲ.

ಸಸ್ಯಾಹಾರಿ ಮನೆಯವರು ಅಡುಗೆಮನೆಗೆ ಮಾಂಸ ತರಬೇಕೆಂದು ನಾನು ಹೇಳುವುದಿಲ್ಲ. ಮರಿಗಳಿಗೆಂದೇ ಮಾಡಿದ ಪೂರ್ಣ ಆಹಾರದ ಪೊಟ್ಟಣ ತಂದು ಹೊರಗಿನ ಕಪಾಟಿನಲ್ಲಿಟ್ಟು ಹಾಕಬಹುದು. ಅದೂ ಬೇಡವೆಂದರೆ ಬೆಕ್ಕನ್ನು ತರುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ನಮ್ಮ ಪಥ್ಯವನ್ನು ಅದರ ಮೈ ಒಪ್ಪುವುದಿಲ್ಲ. ಪಾಯಸದ ಪಾತ್ರೆ ನೆಕ್ಕುತ್ತದಲ್ಲ ಅನ್ನುವವರಿದ್ದಾರೆ. ಬೆಕ್ಕಿಗೆ ಸಿಹಿ ರುಚಿಯೇ ತಿಳಿಯದು. ಆ ರುಚಿ ಹಿಡಿಯುವ ಜೀನ್ ಅದರಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಗೊತ್ತಾಯಿತು.

ಮೀನಿನ ಮನೆಯಲ್ಲಿ ಬೇರೆ ಕಥೆ. ಕೆಲವು ಹಸಿ ಮೀನುಗಳಲ್ಲಿ ವಿಟಮಿನ್ ಬಿ1 ಅನ್ನು ಒಡೆಯುವ ಕಿಣ್ವ ಇರುತ್ತದೆ. ದಿನಾ ಅದನ್ನೇ ತಿಂದ ಬೆಕ್ಕು ತೂರಾಡುತ್ತದೆ, ಕುತ್ತಿಗೆ ಕೆಳಗೆ ಬಾಗುತ್ತದೆ. ಬೇಯಿಸಿದರೆ ಆ ಕಿಣ್ವ ಹಾಳಾಗುತ್ತದೆ. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನನ್ನೇ ಸದಾ ಹಾಕಿದರೆ ವಿಟಮಿನ್ ಇ ಕೊರತೆಯಾಗಿ ಮೈಯ ಕೊಬ್ಬು ಬಾತು ನೋಯುತ್ತದೆ. ಬೇಯಿಸಿ, ಮುಳ್ಳು ತೆಗೆದು, ಆಗೊಮ್ಮೆ ಈಗೊಮ್ಮೆ ಸ್ವಲ್ಪ ಕೊಡಿ. ಸಾರಿನ ಮೀನು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಯಾವ ಆಹಾರವೇ ಆಗಲಿ, ಮೊದಲ ವಾರ ಹುಟ್ಟಿದ ಮನೆಯದ್ದನ್ನೇ ಮುಂದುವರಿಸಿ, ಆಮೇಲೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಿಸಿ. ದಿನಕ್ಕೆ ಮೂರು ನಾಲ್ಕು ಸಲ ಸಣ್ಣ ಊಟ. ಬೆಕ್ಕಿನ ಮೂಲ ಮರುಭೂಮಿಯ ಕಾಡುಬೆಕ್ಕು. ಬಾಯಾರಿಕೆ ಕಡಿಮೆ, ಮೂತ್ರ ಗಟ್ಟಿ. ಒಣ ಆಹಾರ ಹಾಕುವ ಮನೆಯಲ್ಲಿ ನೀರಿನ ಅಗಲ ಬಟ್ಟಲುಗಳನ್ನು ಊಟದಿಂದ ದೂರ, ಎರಡು ಮೂರು ಕಡೆ ಇಡಬೇಕು.

ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳ ಮಳೆಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಪರ್ಷಿಯನ್ ಮರಿಯ ಮೇಲ್ಗೂದಲಿನ ಅಡಿಯಲ್ಲಿ ಉಣ್ಣೆಯಂಥ ಒಳಗೂದಲಿದೆ. ಅದು ತೇವ ಹಿಡಿದರೆ ಗಂಟುಕಟ್ಟುತ್ತದೆ, ಗಂಟಿನ ಅಡಿಯ ಚರ್ಮ ಬೇಯುತ್ತದೆ. ದಿನಾ ಬಾಚಬೇಕು. ಬೆರಳು ತೂರಿಸಿ ಕಂಕುಳು, ಕಿವಿಯ ಹಿಂದೆ, ಹೊಟ್ಟೆ ಮುಟ್ಟಿ ನೋಡಿ, ಗಂಟು ಮೊದಲು ಆಗುವುದು ಅಲ್ಲಿಯೇ. ಕತ್ತರಿ ಹಾಕಬೇಡಿ. ಮರಿಯ ಚರ್ಮ ಕಾಗದದಷ್ಟು ತೆಳು, ಗಂಟಿನ ಜೊತೆ ಎದ್ದು ಬರುತ್ತದೆ. ಚಪ್ಪಟೆ ಮುಖದಲ್ಲಿ ಕಣ್ಣೀರಿನ ನಾಳ ಸೊಟ್ಟಗಾಗಿರುವುದರಿಂದ ನೀರು ಕೆನ್ನೆಗೆ ಹರಿಯುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ದಿನಾ ಒರೆಸಿ.

ಉದ್ದ ಕೂದಲಿನ ಮರಿಗಳಿಗೆ ಹುಳುಕಡ್ಡಿ ಬೇಗ ಅಂಟುತ್ತದೆ. ಇದು ಹುಳವಲ್ಲ, ಶಿಲೀಂಧ್ರ. ಕಿವಿಯ ತುದಿಯಲ್ಲಿ, ಮೂಗಿನ ಪಕ್ಕ ಕೂದಲು ಉದುರಿ ಬೂದಿ ಬಣ್ಣದ ಹೊಟ್ಟು ಕಂಡರೆ ಅನುಮಾನಪಡಿ. ಅದೇ ವಾರ ಮಗುವಿನ ಕೈಯಲ್ಲಿ ಕೆಂಪು ಉಂಗುರ ಎದ್ದಿರಲೂಬಹುದು. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಕೆಂಪು ಮಾತ್ರ ಇಳಿದು ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಇಬ್ಬರಿಗೂ ಸರಿಯಾದ ಚಿಕಿತ್ಸೆ ಬೇಕು, ಅದು ವಾರಗಟ್ಟಲೆ ನಡೆಯುತ್ತದೆ.

ನಮ್ಮ ಮನೆಗಳಲ್ಲಿರುವ ವಿಷಗಳ ಬಗ್ಗೆಯೂ ಹೇಳಬೇಕು. ಬೆಕ್ಕಿನ ಯಕೃತ್ತಿನಲ್ಲಿ ಕೆಲವು ರಾಸಾಯನಿಕಗಳನ್ನು ಕಳಚಿ ಹೊರಹಾಕುವ ಒಂದು ದಾರಿ ಬಹಳ ದುರ್ಬಲ. ಜ್ವರವೆಂದು ಪ್ಯಾರಸಿಟಮಾಲ್ ಅರ್ಧ ಮಾತ್ರೆ ಕೊಟ್ಟರೂ ಮರಿ ಸಾಯಬಹುದು. ನೆಲ ಒರೆಸುವ ಫಿನಾಯಿಲ್ ಪಾದಕ್ಕೆ ಅಂಟಿ, ಅದನ್ನು ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ನಾಯಿಯ ಉಣ್ಣಿಗೆ ಬೆನ್ನ ಮೇಲೆ ಹಾಕುವ ಪೆರ್ಮೆಥ್ರಿನ್ ಔಷಧಿಯ ಒಂದೆರಡು ಹನಿಯಿಂದ ಬೆಕ್ಕಿಗೆ ಸೆಳೆತ ಬರುತ್ತದೆ. ತೋಟಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ದ್ರಾವಣ, ಸಿಂಪಡಿಸುವ ದಿನಗಳಲ್ಲಿ ಮರಿ ಮನೆಯೊಳಗೇ ಇರಲಿ, ಮೈಮೇಲೆ ಬಿದ್ದದ್ದನ್ನೆಲ್ಲ ಅದು ನಾಲಿಗೆಯಲ್ಲಿ ತೆಗೆಯುತ್ತದೆ. ಬೇಲಿಯ ಗೌರಿಹೂವಿನ ಬಳ್ಳಿ, ಕಣಗಿಲೆ, ಹೂಗುಚ್ಛದ ಲಿಲ್ಲಿ ಮೂರೂ ವಿಷ. ಲಿಲ್ಲಿಯ ಪರಾಗ ನೆಕ್ಕಿದರೂ ಕಿಡ್ನಿ ಹೋಗುತ್ತದೆ.

ಮನೆಯಲ್ಲಿ ಹಿಂದೆ ಬೆಕ್ಕೊಂದು ವಾಂತಿ ಭೇದಿಯಿಂದ ಸತ್ತಿದ್ದರೆ ಹೊಸ ಮರಿ ತರುವ ಮೊದಲು ಡಾಕ್ಟರರಿಗೆ ತಿಳಿಸಿ. ಬೆಕ್ಕಿನ ಪಾರ್ವೋ ವೈರಸ್ ನೆಲದಲ್ಲಿ, ಬುಟ್ಟಿಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಸೋಪಿಗೆ, ಸ್ಪಿರಿಟ್ಟಿಗೆ ಅದು ಸಾಯುವುದಿಲ್ಲ. ಬ್ಲೀಚ್ ದ್ರಾವಣದಿಂದ ತೊಳೆದು, ನೀರು ಹೊಯ್ದು, ಪೂರ್ತಿ ಒಣಗಿಸಿದ ಮೇಲೆ ಮರಿಯನ್ನು ಬಿಡಬೇಕು. ಜಂತುಹುಳ ತಾಯಿಯ ಹಾಲಿನಿಂದಲೇ ಬರುವುದರಿಂದ ಹುಳದ ಔಷಧಿಯನ್ನು ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುತ್ತಾರೆ. ಹುಚ್ಚುನಾಯಿ ರೋಗದ ಲಸಿಕೆ 12 ವಾರದ ನಂತರ. ಮನೆಯೊಳಗಿನ ಬೆಕ್ಕಿಗೂ ಅದು ಬೇಕು, ನಮ್ಮಲ್ಲಿ ಬೀದಿನಾಯಿ ಅಂಗಳಕ್ಕೇ ಬರುತ್ತದೆ. ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು, ಆದ್ದರಿಂದ ಸಂತಾನಹರಣದ ಆಪರೇಷನ್ ಯಾವಾಗ ಎಂದು ಕೊನೆಯ ಲಸಿಕೆಯ ದಿನವೇ ಕೇಳಿ ಗೊತ್ತುಮಾಡಿಕೊಳ್ಳಿ. ಆಪರೇಷನ್ ಆದ ಮೇಲೆ ಹಸಿವು ಏರುತ್ತದೆ, ಮೈಗೆ ಬೇಕಾದ ಶಕ್ತಿ ಇಳಿಯುತ್ತದೆ. ಆಗ ಊಟವನ್ನು ಅಳೆದು ಹಾಕಬೇಕು.