ಮೂಗಿನ ದುರ್ಮಾಂಸ: ತಪ್ಪು ಬರೀ ಇಯೋಸಿನೋಫಿಲ್‌ನದ್ದಲ್ಲ

ಬೆಂಗಳೂರಿನಲ್ಲಿ ಮೂಗು ಕಟ್ಟಿದರೆ ನಾವು ಮೊದಲು ಬೈಯುವುದು ಊರಿನ ಹವೆಯನ್ನು. ಧೂಳು, ಪಾರ್ಥೇನಿಯಂ, ಬೆಳಗಿನ ಚಳಿ. ಅಲರ್ಜಿಗೆ ಇವು ಕಾರಣ ಆಗಬಹುದು, ನಿಜ. ಆದರೆ 12 ವಾರ ದಾಟಿದರೂ ಮೂಗು ಬಿಡದೆ, ಕಾಫಿಯ ಘಮವೂ ಗೊತ್ತಾಗದೆ ಹೋದರೆ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ಕೆಲವರ ಮೂಗಿನೊಳಗೆ ಎಂಡೋಸ್ಕೋಪ್ ಹಾಕಿದಾಗ ಸಿಪ್ಪೆ ಸುಲಿದ ದ್ರಾಕ್ಷಿಯಂಥ ಗಂಟುಗಳು ಕಾಣುತ್ತವೆ. ಡಾಕ್ಟರು ಪಾಲಿಪ್ ಅನ್ನುತ್ತಾರೆ, ಮನೆಯವರು ದುರ್ಮಾಂಸ ಅನ್ನುತ್ತಾರೆ. ಎರಡೂ ಹೊಳ್ಳೆಯಲ್ಲಿ ಬರುವ ಇಂಥ ಪಾಲಿಪ್ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಒಂದೇ ಕಡೆ ಇದ್ದರೆ, ರಕ್ತ ಬರುತ್ತಿದ್ದರೆ ಮಾತ್ರ ತಡ ಮಾಡದೆ ಬೇರೆ ಪರೀಕ್ಷೆ ಬೇಕು.

ಪಾಲಿಪ್ ಒಳಗೆ ಇರುವುದು ನೀರು ತುಂಬಿ ಊದಿಕೊಂಡ ಒಳಪೊರೆ. ಅದರ ತುಂಬಾ ನಮ್ಮದೇ ರೋಗನಿರೋಧಕ ಜೀವಕೋಶಗಳು. ಅವುಗಳಲ್ಲಿ ಎದ್ದು ಕಾಣುವುದು ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ. ಜರ್ಮನಿಯ ಪಾಲ್ ಎರ್ಲಿಕ್ 1879ರಲ್ಲಿ ಇದನ್ನು ಬಣ್ಣ ಹಾಕಿ ಗುರುತಿಸಿದರು. ಇದು ಸಿಡಿದಾಗ ಹೊರಬೀಳುವ ಪ್ರೋಟೀನುಗಳು ಒಳಪೊರೆಯನ್ನು ಸುಡುತ್ತವೆ, ಸಿಂಬಳ ಅಂಟಂಟಾಗುತ್ತದೆ. ಹಾಗಾಗಿ ಅಪರಾಧಿ ಇದೇ ಅಂತ ಬಹಳ ಕಾಲ ನಂಬಿದ್ದರು.

2019ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸಿತು. ಡೆಕ್ಸ್‌ಪ್ರಮಿಪೆಕ್ಸೋಲ್ ಎಂಬ ಔಷಧಿ ಕೊಟ್ಟಾಗ ರೋಗಿಗಳ ರಕ್ತದಲ್ಲೂ ಪಾಲಿಪ್‌ನಲ್ಲೂ ಇಯೋಸಿನೋಫಿಲ್ ಹೆಚ್ಚುಕಡಿಮೆ ಖಾಲಿಯಾಯಿತು. ಪಾಲಿಪ್ ಮಾತ್ರ ಕುಗ್ಗಲಿಲ್ಲ! ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ.

ಹಾಗಾದರೆ ಆಡಿಸುವವರು ಯಾರು? ಶುರುವಾಗುವುದು ಒಳಪೊರೆಯಿಂದಲೇ. ಅದು ಸಡಿಲವಾಗಿದ್ದರೆ ಧೂಳು, ಸೂಕ್ಷ್ಮಜೀವಿ ತಾಗಿದ ಕೂಡಲೇ ಅಪಾಯದ ಸಂಕೇತ ಕಳಿಸುತ್ತದೆ. ಐಎಲ್‌ಸಿ2 ಎಂಬ ರೋಗನಿರೋಧಕ ಕಣಗಳು ಅದನ್ನು ಹಿಡಿಯುತ್ತವೆ. ಬಂದವರು ಯಾರು ಅಂತ ಇವು ವಿಚಾರಿಸುವುದಿಲ್ಲ, ಸಂಕೇತ ಸಿಕ್ಕರೆ ಸಾಕು, ಕೆಲಸ ಶುರು. ಟಿಎಚ್2 ಎಂಬ ಟಿ ಕಣಗಳೂ (ಇವೂ ಒಂದು ಬಗೆಯ ಬಿಳಿ ರಕ್ತಕಣ) ಜೊತೆಗೂಡುತ್ತವೆ. ಇವು ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ರಾಸಾಯನಿಕ ಸಂದೇಶಗಳನ್ನು ಬಿಡುತ್ತವೆ. ಇಂಟರ್‌ಲ್ಯೂಕಿನ್ 5 ಎಂಬುದು ಇಯೋಸಿನೋಫಿಲ್‌ಗಳನ್ನು ಕರೆದು ಬದುಕಿಸಿಡುತ್ತದೆ. ಇಂಟರ್‌ಲ್ಯೂಕಿನ್ 4 ಎಂಬುದು ಬಿ ಕಣಗಳೆಂಬ ಬಿಳಿ ರಕ್ತಕಣಗಳಿಂದ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಮಾಡಿಸುತ್ತದೆ. ಆ ಐಜಿಇ ಅಲರ್ಜಿ ಎಬ್ಬಿಸುವ ಮಾಸ್ಟ್ ಕಣಗಳ ಮೈಗೆ ಅಂಟಿ ಅವನ್ನು ಕೆರಳಲು ಸಿದ್ಧ ಮಾಡುತ್ತದೆ. ಇಂಟರ್‌ಲ್ಯೂಕಿನ್ 13 ಮಾಡುವ ಕಿತಾಪತಿ ಇನ್ನೂ ಜಾಸ್ತಿ. ಸಿಂಬಳ ಹೆಚ್ಚಿಸುತ್ತದೆ, ಒಳಪೊರೆಯನ್ನು ಮತ್ತಷ್ಟು ಸಡಿಲಗೊಳಿಸುತ್ತದೆ. ಫೈಬ್ರಿನ್ ಎಂಬ ನಾರು ಕರಗದ ಹಾಗೆ ತಡೆಯುತ್ತದೆ. ಆ ನಾರಿನ ಬಲೆಯಲ್ಲಿ ನೀರು ನಿಂತು ಊತ ಉಳಿಯುತ್ತದೆ. ಸಡಿಲವಾದ ಪೊರೆ ಮತ್ತೆ ಸಂಕೇತ ಕಳಿಸುತ್ತದೆ. ಮೊದಲು ತಾಗಿದ ಧೂಳು ಹೋದರೂ ಈ ಸುತ್ತು ನಿಲ್ಲುವುದಿಲ್ಲ.

"ಆಪರೇಷನ್ ಆಯ್ತಲ್ಲ, ಇನ್ನೂ ಯಾಕೆ ಸ್ಪ್ರೇ?" ಅಂತ ಕೇಳುವವರು ಬಹಳ. ಆಪರೇಷನ್ ಗಂಟು ತೆಗೆದು ದಾರಿ ಬಿಡಿಸುತ್ತದೆ. ಆದರೆ ಪೊರೆಯಲ್ಲಿ ಕೂತ ಕಣಗಳು ಅಲ್ಲೇ ಇರುತ್ತವೆ ಅಲ್ವಾ? ಅವನ್ನು ತಣ್ಣಗಿಡುವುದು ಸ್ಟೀರಾಯ್ಡ್ ಸ್ಪ್ರೇ. ಉಪ್ಪುನೀರಿನಲ್ಲಿ ಮೂಗು ತೊಳೆಯುವುದೂ ಸಹಾಯ ಮಾಡುತ್ತದೆ, ನೀರು ಮಾತ್ರ ಕುದಿಸಿ ಆರಿಸಿದ್ದಿರಬೇಕು. ಇವು ಸಾಲದಿದ್ದಾಗ ಡ್ಯುಪಿಲುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ಪಾಲಿಪ್‌ಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ತಡೆಯುವುದು ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂದೇಶವನ್ನು. ವಾಸನೆ ಕಳೆದುಕೊಂಡಿದ್ದ ಎಷ್ಟೋ ಜನರಿಗೆ ಕೆಲವೇ ವಾರಗಳಲ್ಲಿ ಅದು ಮರಳಿದೆ. ಬೆಲೆ ಮಾತ್ರ ಬಹಳ ದುಬಾರಿ. ಎಲ್ಲರ ಪಾಲಿಪ್ ಇಯೋಸಿನೋಫಿಲ್ ತುಂಬಿದ ಈ ಬಗೆಯದ್ದೂ ಅಲ್ಲ. ಏಷ್ಯಾದ ಹಲವರಲ್ಲಿ ನ್ಯೂಟ್ರೋಫಿಲ್ ಎಂಬ ಬೇರೆ ಕಣದ್ದೇ ಕೈ ಮೇಲು.

ಪಾಲಿಪ್ ಜೊತೆ ಆಸ್ತಮಾನೂ ಇರುವವರಿಗೆ ಇನ್ನೊಂದು ಮಾತು. ಅವರಲ್ಲಿ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಿಂದರೆ ಉಸಿರು ಕಟ್ಟುತ್ತದೆ, ಇಲ್ಲೂ ಮಾಸ್ಟ್ ಕಣಗಳ ಕೈವಾಡವಿದೆ. ಹಲ್ಲು ಕೀಳಿಸಲು ಹೋದಾಗಲೂ ಡಾಕ್ಟರಿಗೆ ಇದನ್ನು ಮೊದಲೇ ಹೇಳಿಬಿಡಿ.